ಹೀ ಅಲ್ಲ ಸಾರ್, ದೇ

ಸರಳಾಗೆ ಇಂಗ್ಲಿಷ್ ಬರುತ್ತದೆ ಅನ್ನುವುದು ಹೊಸೂರು ಸೀಮೆಯ ಜವಳಗಿರಿ ಕಡೆಯ ಆ ಪುಟ್ಟ ಊರಿಗೆಲ್ಲ ಗೊತ್ತು. ಡಾಕ್ಟರು ಕೊಟ್ಟ ಮಾತ್ರೆಯ ಮೇಲೆ ಏನು ಬರೆದಿದೆ, ಫೋನಿಗೆ ಬ್ಯಾಂಕಿನಿಂದ ಬಂದ ಮೆಸೇಜಿನಲ್ಲಿ ಏನಿದೆ, ಎಲ್ಲದಕ್ಕೂ ಜನ ಅವಳ ಮನೆ ಬಾಗಿಲಿಗೇ ಬರುತ್ತಿದ್ದರು. ಅವಳೂ ಬಿಂಕ ಮಾಡದೆ ಓದಿ ಹೇಳುತ್ತಿದ್ದಳು. ಈಗಲೂ ಬರುತ್ತಾರೆ. ಆದರೆ ಸರಳಾ ತಲೆ ಎತ್ತದೆ, "ನಂಗೆ ಬರಲ್ಲ, ಬೇರೆ ಯಾರ್ನಾದ್ರೂ ಕೇಳ್ರಿ" ಅಂದುಬಿಡುತ್ತಾಳೆ. ಕಷ್ಟಪಟ್ಟು ಕಲಿತದ್ದನ್ನು ಬರುವುದೇ ಇಲ್ಲ ಅನ್ನುವ ಹಾಗೆ ಮಾಡಿದ್ದು ಒಂದೇ ಒಂದು ಸರ್ವನಾಮ. ನಗಬೇಡಿ, ನಗುವ ಕಥೆಯಲ್ಲ ಇದು.

ಊರಿನ ಕನ್ನಡ ಶಾಲೆಯಲ್ಲಿ ಅಶ್ವತ್ಥಪ್ಪ ಅಂತ ಒಬ್ಬ ಮೇಷ್ಟ್ರಿದ್ದರು. ಕನ್ನಡವೂ ಅವರದೇ, ಲೆಕ್ಕವೂ ಅವರದೇ, ಇಂಗ್ಲಿಷೂ ಅವರದೇ. ಬೋರ್ಡಿನ ಮೇಲೆ ಗೆರೆ ಎಳೆದು ಆ ಕಡೆ ಇಂಗ್ಲಿಷ್, ಈ ಕಡೆ ಕನ್ನಡ ಬರೆಯುತ್ತಿದ್ದರು. "ನಾಮಪದ ಅಂದರೆ ಹೆಸರು. ಸುಮ್ಮನೆ ಹೆಸರನ್ನೇ ಹೇಳ್ತಾ ಇದ್ರೆ ಕಿವಿಗೆ ಬೇಜಾರು ನೋಡ್ರೋ, ಅದಕ್ಕೆ ಹೆಸರಿನ ಬದಲಿಗೆ ಬಂದು ನಿಲ್ಲೋದು ಸರ್ವನಾಮ. ಹೆಂಗಿದ್ದಾನೆ ಅನ್ನೋದು ವಿಶೇಷಣ. ಏನು ಮಾಡಿದ ಅನ್ನೋದು ಕ್ರಿಯಾಪದ." ಆಮೇಲೆ ಹುಡುಗರೆಲ್ಲ ಗಂಟಲು ಹರಿಯುವಂತೆ ಕೂಗಬೇಕು: ಹೀ ಅಂದರೆ ಅವನು, ಶೀ ಅಂದರೆ ಅವಳು, ಇಟ್ ಅಂದರೆ ಅದು, ದೇ ಅಂದರೆ ಅವರು. ಆ ಕೂಗು ರಸ್ತೆಯಾಚೆಯ ರಾಗಿ ಹೊಲದವರೆಗೆ ಕೇಳುತ್ತಿತ್ತು.

ಒಂದು ಸಂಜೆ ಅಜ್ಜಿ ದೊಡ್ಡಮುನಿಯಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸರಳಾ ಪಕ್ಕದಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು. "ಮೈ ಫಾದರ್ ಈಸ್ ಎ ಫಾರ್ಮರ್. ಹೀ ಗೆಟ್ಸ್ ಅಪ್ ಅರ್ಲಿ."

"ಕನ್ನಡದಾಗೆ ಹೇಳಮ್ಮಿ, ನಮ್ಗೂ ತಿಳೀಲಿ," ಅಂದರು ಅಜ್ಜಿ.

"ನಮ್ಮಪ್ಪ ರೈತ. ಅವನು ಬೇಗ ಎದ್ದೇಳ್ತಾನೆ."

ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು, ಆ ಕೈ ಸರಳಾಳ ಕೆನ್ನೆಗೆ ಬಿತ್ತು. "ಹೆತ್ತಪ್ಪನ್ನ ಅವ್ನು ಅಂತೀಯಾ? ನಾಲ್ಗೆ ಸುಟ್ಬುಡ್ತೀನಿ! ಇದ್ನೇನಾ ಆ ಮೇಷ್ಟ್ರು ಹೇಳ್ಕೊಡೋದು?" ಬೇರೆ ಮನೆಗಳಲ್ಲಿ ಅಪ್ಪ ಬಂದ, ಅಪ್ಪ ಹೋದ ಅನ್ನುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡಮುನಿಯಮ್ಮನ ಮನೆಯಲ್ಲಿ ಅದು ನಡೆಯುವುದಿಲ್ಲ. ತಮಗಿಂತ ದೊಡ್ಡವರು ಅಂದರೆ ಅವರು, ಬಂದರು, ಹೋದರು. ಅಷ್ಟೇ.

ಮರುದಿನ ಶಾಲೆಯಲ್ಲಿ ಸರಳಾ ಎದ್ದು ನಿಂತು ಬಲು ವಿನಯದಿಂದ ಹೇಳಿದಳು: "ಮೈ ಫಾದರ್ ಈಸ್ ಎ ಫಾರ್ಮರ್. ದೇ ಗೆಟ್ ಅಪ್ ಅರ್ಲಿ."

"ಎಷ್ಟು ಜನಮ್ಮ ನಿಂಗೆ ಅಪ್ಪಂದಿರು?" ಅಂದರು ಮೇಷ್ಟ್ರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಪಾಪದ ಹುಡುಗಿ, ಮನೆಯಲ್ಲಿ ಹೀ ಅಂದರೆ ಏಟು, ಶಾಲೆಯಲ್ಲಿ ದೇ ಅಂದರೆ ನಗೆಪಾಟಲು. ಕೊನೆಗೆ ತಾನೇ ಒಂದು ದಾರಿ ಮಾಡಿಕೊಂಡಳು. ಪರೀಕ್ಷೆಯಲ್ಲಿ ಬರೆಯುವಾಗ ಹೀ, ಬಾಯಲ್ಲಿ ಆಡುವಾಗ ದೇ. ಕಾಗದಕ್ಕೆ ಮರ್ಯಾದೆ ಗೊತ್ತಾಗುವುದಿಲ್ಲ, ಮನುಷ್ಯರಿಗೆ ಗೊತ್ತಾಗುತ್ತದೆ ಅಂತ ಅವಳ ಲೆಕ್ಕ. ಪರೀಕ್ಷೆಯಲ್ಲಿ ಯಾವಾಗಲೂ ಒಳ್ಳೆ ಮಾರ್ಕೇ ಬಂತು. ಆಮೇಲೆ ಬಾಯಿಯನ್ನು ಯಾರೂ ತಿದ್ದಲಿಲ್ಲ. ತಿದ್ದುವವರಾದರೂ ಯಾರು? ಸುತ್ತಮುತ್ತ ಇದ್ದವರೆಲ್ಲ ಹಾಗೇ ಆಡುವವರು. ತಮಿಳಿನಲ್ಲಿ ಅವಂಗ, ತೆಲುಗಿನಲ್ಲಿ ವಾಳ್ಳು, ಕನ್ನಡದಲ್ಲಿ ಅವರು. ಮೂರು ಭಾಷೆಯಲ್ಲೂ ಒಬ್ಬ ಮನುಷ್ಯನನ್ನು ಹತ್ತು ಜನ ಮಾಡಿ ಕೂರಿಸಿದರೇನೇ ಮರ್ಯಾದೆ. ದೇವರಿಗೂ ಕಳ್ಳನಿಗೂ ಒಂದೇ ಹೀ ಅನ್ನುವ ಭಾಷೆಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು?

ಹನ್ನೆರಡನೇ ಕ್ಲಾಸು ಮುಗಿಸಿದ ಮೇಲೆ ಸರಳಾ ಹೊಸೂರಿನ ಕಂಪನಿಯೊಂದಕ್ಕೆ ಸೇರಿದಳು. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆ. ಊರ ಮುಂದಕ್ಕೇ ಕಂಪನಿ ಬಸ್ಸು ಬರುತ್ತದೆ. ರಸ್ತೆಗೆ ಆನೆ ಇಳಿದ ದಿನ ತಡವಾಗಿ ಬರುತ್ತದೆ, ಆನೆ ಬಂದಿತ್ತು ಅಂದರೆ ಗೇಟಿನವನು ನಂಬುವುದಿಲ್ಲ, ಅದು ಬೇರೆ ಗೋಳು. ಕೆಲಸಕ್ಕೆ ಸೇರಿಸಿದವರು ಮುರಳಿಕೃಷ್ಣ. ಅದೇ ಊರಿನವರು, ಅದೇ ಅಶ್ವತ್ಥಪ್ಪ ಮೇಷ್ಟ್ರ ಹತ್ತಿರ ಸರಳಾಗಿಂತ ಎಷ್ಟೋ ವರ್ಷ ಮೊದಲು ಓದಿದವರು. ಡಿಪ್ಲೊಮಾ ಮಾಡಿ ಪ್ರೆಸ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದರು, ಹೊಸೂರಿನ ಅವಲಪಲ್ಲಿಯಲ್ಲಿ ಮಹಡಿ ಮನೆ ಕಟ್ಟಿಸಿದ್ದರು. ಊರಿಗೆ ಬಂದರೆ ಜಗುಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಊರೇ ಅವರು ಅನ್ನುವಾಗ ಕಥೆ ಹೇಳುವ ಬಾಯಿಯೂ ಅವರು ಅಂತಲೇ ಅನ್ನುತ್ತದೆ ನೋಡಿ, ಸದ್ಯಕ್ಕೆ ಹಾಗೇ ಇರಲಿ.

ಅದೇ ಸೆಕ್ಷನ್ನಿನಲ್ಲಿ ನಾಗಲಕ್ಷ್ಮಿ ಇದ್ದಳು. ಸರಳಾಳ ಪಕ್ಕದ ಮನೆಯವಳು, ವಯಸ್ಸಿನಲ್ಲಿ ದೊಡ್ಡವಳು, ಸರಳಾಗೆ ನಾಗಕ್ಕ. ಮುರಳಿಕೃಷ್ಣ ಅವಳಿಗೆ ವರಸೆಯಲ್ಲಿ ಭಾವ ಆಗಬೇಕು. ಅವಳು ಕೂರುತ್ತಿದ್ದದ್ದು ತಗಡು ಒತ್ತುವ ಪ್ರೆಸ್ ಮಿಷಿನ್ನಿನ ಮುಂದೆ. ಮಿಷಿನ್ನಿಗೆ ಸೆನ್ಸರ್ ಇರುತ್ತದೆ, ಕೈ ಅಡ್ಡ ಬಂದರೆ ತಾನಾಗಿ ನಿಂತುಬಿಡುತ್ತದೆ. ಒಂದು ದಿನ ಊಟದ ಬೆಲ್ಲಿಗೆ ಮುಂಚೆ ಅದು ನಿಲ್ಲಲಿಲ್ಲ. ನಾಗಲಕ್ಷ್ಮಿಯ ಬಲಗೈಯ ಬೆರಳುಗಳು ತಗಡಿನ ಜೊತೆ ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ಯಾಕೆ ನಿಲ್ಲಲಿಲ್ಲ ಅಂದರೆ ಸೆನ್ಸರ್ ಆಫ್ ಆಗಿತ್ತು. ಆಫ್ ಮಾಡಿದ್ದು ಯಾರು ಅಂದರೆ ನಾಗಲಕ್ಷ್ಮಿಯೇ. ಯಾರ ಮಾತು ಕೇಳಿ ಅನ್ನುವುದೊಂದೇ ಪ್ರಶ್ನೆ ಉಳಿದಿತ್ತು.

ಸೂಪರ್‌ವೈಸರ್ ಹೇಳಿದ್ದಕ್ಕೆ ಮಾಡಿದಳು ಅಂತ ತೀರ್ಮಾನವಾದರೆ ಅವಳನ್ನು ಪ್ಯಾಕಿಂಗಿಗೆ ಹಾಕುತ್ತಾರೆ, ಕೂತು ಮಾಡುವ ಕೆಲಸ, ಎಡಗೈಯಲ್ಲೇ ನಡೆಯುತ್ತದೆ. ತಾನಾಗಿ ಮಾಡಿಕೊಂಡಳು ಅಂತಾದರೆ ಸೀದಾ ಮನೆಗೆ. ಇದನ್ನು ಎಚ್‌ಆರ್ ಆಫೀಸಿನ ವಾಸು ಮೊದಲೇ ಬಾಯಿಬಿಟ್ಟು ಹೇಳಿದ್ದ. ಬೆರಳಿಲ್ಲದ ಕೈಗೆ ಹೊಸೂರಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ನಾಗಲಕ್ಷ್ಮಿ, "ಭಾವನೋರೇ ಹೇಳಿದ್ದು" ಅಂತ ಆಸ್ಪತ್ರೆಯಲ್ಲೇ ಹೇಳಿಬಿಟ್ಟಿದ್ದಳು. ಮುರಳಿಕೃಷ್ಣ ತಾವು ಹೇಳಿಯೇ ಇಲ್ಲ ಅಂದಿದ್ದರು.

ವಿಚಾರಣೆಗೆ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಉತ್ತರದ ಕಡೆಯವರು, ಇಂಗ್ಲಿಷ್ ಬಿಟ್ಟರೆ ಹಿಂದಿ. ನಾಗಲಕ್ಷ್ಮಿಗೆ ಕನ್ನಡ, ತೆಲುಗು, ಕೆಲಸಕ್ಕೆ ಬೇಕಾದಷ್ಟು ತಮಿಳು. ಕೃಷ್ಣಗಿರಿಯವನಾದ ವಾಸು, "ತಮಿಳ್‌ಲ ಸೊಲ್ಲುಮ್ಮಾ, ನಾನ್ ಇಂಗ್ಲಿಷ್‌ಲ ಸೊಲ್ರೇನ್" ಅಂತ, ತಮಿಳಿನಲ್ಲಿ ಹೇಳಿದರೆ ತಾನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ ಅನ್ನುತ್ತ, ಮುಂದೆ ಬಂದ. ನಾಗಲಕ್ಷ್ಮಿ ಬೇಡ ಅಂತ ತಲೆ ಅಲ್ಲಾಡಿಸಿದಳು.

"ಇವ್ರು ಕಂಪನಿ ಕಡೆಯೋರು," ಅಂತ ಸರಳಾಳ ಕಿವಿಯಲ್ಲಿ ಅಂದಳು. "ನೀನೇ ಹೇಳೆ. ನಂಗೆ ನಿನ್ ಬಿಟ್ರೆ ಯಾರ್ ಮ್ಯಾಲೂ ನಂಬ್ಕೆ ಇಲ್ಲ."

ಸರಳಾಗೆ ಹೆಮ್ಮೆಯಾಯಿತು. ಆಗದೆ ಏನು? ಆ ಶಾಲೆಯ ಬೋರ್ಡು, ಆ ಕೂಗಾಟ, ಆ ನಗೆಪಾಟಲು ಎಲ್ಲ ಸಾರ್ಥಕವಾಗುವ ದಿನ ಅಂತ ಅಂದುಕೊಂಡಳು. ನಾಗಕ್ಕ ತನ್ನನ್ನೇ ಕೇಳಿಯಾಳು ಅಂತ ಬಸ್ಸಿನಲ್ಲಿ ಬರುವಾಗಲೇ ತುಟಿ ಅಲುಗಿಸುತ್ತ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದಳು. ಕ್ರಿಯಾಪದ ಎಲ್ಲೂ ತಪ್ಪಬಾರದು ಅನ್ನುವುದೇ ಅವಳ ಭಯ. ಟೆಲ್ ಅಲ್ಲ, ಟೋಲ್ಡ್. ಕಟ್ ಹಾಗೇ ಕಟ್.

ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ವಾಸು. ಈಚೆ ನಾಗಲಕ್ಷ್ಮಿ, ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ಎದುರುಗಡೆ ಗೋಡೆ ಬದಿಯ ಕುರ್ಚಿಯಲ್ಲಿ ಮುರಳಿಕೃಷ್ಣ, ಇಸ್ತ್ರಿ ಮಾಡಿದ ಶರ್ಟು, ಮಡಿಲಲ್ಲಿ ಹೆಲ್ಮೆಟ್ಟು.

"ಆವತ್ತು ಮಾಲು ಜಾಸ್ತಿ ಹೋಗ್ಬೇಕಿತ್ತು," ಅಂತ ಶುರು ಮಾಡಿದಳು ನಾಗಲಕ್ಷ್ಮಿ. "ಸೆನ್ಸರ್ ಇದ್ರೆ ಮಿಷಿನ್ ಸುಮ್‌ಸುಮ್ಕೆ ನಿಂತೋಯ್ತದೆ. ಅದ್ನ ಆಫ್ ಮಾಡ್ಕಂಡು ಹೊಡಿಯಮ್ಮ ಅಂದ್ರು. ಭಯ ಆಯ್ತದೆ ಭಾವ ಅಂದೆ. ಏನ್ ಭಯ, ನಾನಿಲ್ವಾ ಅಂದ್ರು."

ಸರಳಾ ಗಂಟಲು ಸರಿಮಾಡಿಕೊಂಡಳು. "ಸಾರ್, ದಟ್ ಡೇ ಪ್ರೊಡಕ್ಷನ್ ವಾಸ್ ಮೋರ್. ದೇ ಟೋಲ್ಡ್, ಸೆನ್ಸರ್ ಆಫ್ ಅಂಡ್ ರನ್. ಶೀ ಟೋಲ್ಡ್, ಐ ಹ್ಯಾವ್ ಫಿಯರ್. ದೇ ಟೋಲ್ಡ್, ಡೋಂಟ್ ಫಿಯರ್."

ಅಧಿಕಾರಿ ಪೆನ್ನು ಎತ್ತಿ ಮುರಳಿಕೃಷ್ಣ ಅವರ ಕಡೆ ತೋರಿಸಿದರು. "ಡಿಡ್ ಹೀ ಟೆಲ್ ಹರ್? ಹೀ?"

ಸರಳಾಗೆ ಕೇಳಿಸಿದ್ದು ಏನು ಗೊತ್ತೆ? ಇವ್ನು ಅಂದ್ನಾ? ಕೆಲಸ ಕೊಡಿಸಿದ ಮನುಷ್ಯ, ಊರಿನ ದೊಡ್ಡವರು, ಎದುರಿಗೇ ಕೂತಿದ್ದಾರೆ. ತಪ್ಪು ಮಾಡಿದ್ದಾರೆ, ನಿಜ, ಅದನ್ನು ಹೇಳಲಿಕ್ಕೇ ತಾನು ಬಂದಿರುವುದು. ಹಾಗಂತ ಎದುರಿಗೆ ನಿಂತು ಅವನು ಇವನು ಅನ್ನುವುದೇ? ಕೆನ್ನೆಯ ಮೇಲೆ ಅಜ್ಜಿಯ ಕೈ ಈಗ ಬಿತ್ತೇನೋ ಅನ್ನಿಸಿತು. ಪರವೂರಿನವರು, ಗೊತ್ತಿಲ್ಲದೆ ಕೇಳುತ್ತಿದ್ದಾರೆ, ತಿಳಿಸಿ ಹೇಳಬೇಕು ಅಂದುಕೊಂಡಳು.

"ನಾಟ್ ಹೀ ಸಾರ್," ಅಂದಳು ಮೆಲ್ಲಗೆ, ಸಣ್ಣದಾಗಿ ನಕ್ಕು. "ದೇ. ದೇ ಟೋಲ್ಡ್."

ಅಧಿಕಾರಿಯ ಹುಬ್ಬು ಮೇಲೆ ಹೋಯಿತು. "ನಾಟ್ ಹೀ? ಆರ್ ಯೂ ಶೂರ್?"

"ಶೂರ್ ಸಾರ್. ಆಲ್ವೇಸ್ ದೇ."

ಲ್ಯಾಪ್‌ಟಾಪಿನ ಮೇಲೆ ವಾಸುವಿನ ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಟಕಟಕ ಓಡಿತು. ಮುರಳಿಕೃಷ್ಣ ತಟ್ಟನೆ ತಲೆ ಎತ್ತಿ ಸರಳಾಳನ್ನೇ ನೋಡಿದರು. ಏನೋ ಹೇಳುವವರಂತೆ ಬಾಯಿ ತೆರೆದರು. ಮರುಗಳಿಗೆ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತ ತಲೆ ತಗ್ಗಿಸಿದರು. ನಾಚಿಕೆ ಆಯಿತೇನೋ ಅಂತ ಸರಳಾ ಅಂದುಕೊಂಡಳು. ನಾಗಲಕ್ಷ್ಮಿಗೆ ಒಂದಕ್ಷರ ತಿಳಿಯದಿದ್ದರೂ ಸರಳಾ ಅಳುಕದೆ ಆಡಿದ್ದನ್ನು ಕಂಡು ಹೌದು ಹೌದು ಅಂತ ತಲೆಯಾಡಿಸಿದಳು. ಟೈಪಾದ ಹೇಳಿಕೆಗೆ ಎಡಗೈಯ ಹೆಬ್ಬೆಟ್ಟು ಒತ್ತಿ ಹೊರಗೆ ಬಂದ ಮೇಲೆ, "ಎಷ್ಟ್ ಚೆನ್ನಾಗಿ ಮಾತಾಡ್ದೆ ಕಣೆ ನೀನು, ಆ ಸಾಹೇಬ್ರು ಬಾಯ್ ಬಿಟ್ಕಂಡು ಕೇಳ್ತಿದ್ರು" ಅಂದಳು. ಇಬ್ಬರೂ ಕ್ಯಾಂಟೀನಿನಲ್ಲಿ ಟೀ ಕುಡಿದರು. ಸರಳಾಳೇ ಲೋಟ ಹಿಡಿದು ಕುಡಿಸಿದಳು.

ತೀರ್ಮಾನ ಬಂತು. ನಾಗಲಕ್ಷ್ಮಿಯನ್ನು ಕೆಲಸದಿಂದ ತೆಗೆದಿದ್ದರು.

ಸರಳಾ ಉಸಿರು ಕಟ್ಟಿ ವಾಸುವಿನ ರೂಮಿಗೆ ಓಡಿದಳು. ಅವನು ಕಂಪ್ಯೂಟರಿನಿಂದ ಮುಖ ತಿರುಗಿಸದೆ, "ನೀಯೇದಾನೇಮ್ಮಾ ಸೊನ್ನೆ," ಅಂದ. ನೀನೇ ತಾನೆ ಹೇಳಿದ್ದು. ಮುರಳಿಕೃಷ್ಣ ಹೇಳಲಿಲ್ಲ, ಬೇರೆ ಯಾರೋ ಹೇಳಿದರು ಅಂತ. ಬೇರೆ ಯಾರು ಅಂತ ಇಬ್ಬರೂ ಹೆಸರು ಕೊಡಲಿಲ್ಲ. ಆಸ್ಪತ್ರೆಯಲ್ಲಿ ಆಡಿದ್ದು ಕಾಗದದಲ್ಲಿಲ್ಲ, ಹೆಬ್ಬೆಟ್ಟು ಒತ್ತಿದ್ದು ಇದಕ್ಕೆ. ಸೂಪರ್‌ವೈಸರ್ ಹೇಳದೆ, ಯಾರು ಯಾರೋ ಹೇಳಿದ ಮಾತು ಕೇಳಿ ಸೆನ್ಸರ್ ಆಫ್ ಮಾಡಿದರೆ ಅದು ಅವಳ ತಪ್ಪೇ.

ಸರಳಾಗೆ ಮೊದಲು ಅರ್ಥವೇ ಆಗಲಿಲ್ಲ. ಆದದ್ದೇ ತಡ, "ಅಯ್ಯೋ, ಅವಂಗದಾನೇ ಸಾರ್! ಅವಂಗನ್ನಾ ಅವರ್‌ದಾನೇ! ನೀಂಗಳೇ ಅಪ್ಪಡಿದಾನೇ ಸೊಲ್ಲುವೀಂಗ!" ಅಂತ ಅವನ ಭಾಷೆಯಲ್ಲೇ ಕೂಗಿದಳು. ಅವಂಗ ಅಂದರೆ ಅವರು, ಅವರು ಅಂದರೆ ಆ ಒಬ್ಬರೇ, ನೀವೂ ಹಾಗೇ ತಾನೆ ಅನ್ನುವುದು!

ವಾಸು ಆಗ ಅವಳ ಮುಖ ನೋಡಿದ. "ಎನಕ್ಕು ತೆರಿಯುಮ್ಮಾ," ಅಂದ. ನನಗೆ ಗೊತ್ತಮ್ಮ. "ಇಂಗ್ಲಿಷುಕ್ಕು ತೆರಿಯಾದೇ." ಇಂಗ್ಲಿಷಿಗೆ ಗೊತ್ತಿಲ್ಲವಲ್ಲ.

ಗೊತ್ತಿದ್ದೂ ಟೈಪು ಮಾಡಿದ್ದ, ಪುಣ್ಯಾತ್ಮ! ಅಧಿಕಾರಿ ಆಗಲೇ ಹೋಗಿಯಾಗಿತ್ತು. ಕಾಗದ ಮೇಲಕ್ಕೆ ಹೋಗಿಯಾಗಿತ್ತು.

ಅಲ್ಲಿಂದ ಅವಳು ನೇರ ಪ್ರೆಸ್ ಸೆಕ್ಷನ್ನಿಗೆ ಹೋದಳು. ಮಿಷಿನ್ನುಗಳ ಗದ್ದಲದ ನಡುವೆ ಮುರಳಿಕೃಷ್ಣ ನಿಂತಿದ್ದರು. ನಾಗಲಕ್ಷ್ಮಿಯ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಳು.

"ಅಣ್ಣಾ, ನಾನು ನಿಮ್ಗೆ ಮರ್ವಾದೆ ಕೊಟ್ಟು ಅಂಗಂದೆ. ನಿಮ್ಗೆ ಗೊತ್ತಿತ್ತಲ್ಲ? ಒಂದ್ ಮಾತು ಹೇಳ್ಬೌದಿತ್ತಲ್ಲ?"

ಅವರು ಆ ಕಡೆ ಈ ಕಡೆ ನೋಡಿದರು. ಆಮೇಲೆ ಮಗುವಿಗೆ ಬುದ್ಧಿ ಹೇಳುವವರಂತೆ, "ಅಶ್ವತ್ಥಪ್ಪ ಮೇಷ್ಟ್ರು ನಂಗೂ ಅದೇ ಹೇಳ್ಕೊಟ್ಟಿದ್ದು ಕಣಮ್ಮ," ಅಂದರು. "ದೇ ಅಂದ್ರೆ ಬಹುವಚನ. ಹೋಗು, ನಿನ್ ಕೆಲ್ಸ ನೋಡ್ಕೋಗು."

ಎಂಥಾ ಮನುಷ್ಯ! ಅವಳು ಕೊಟ್ಟ ಮರ್ಯಾದೆಯ ಹಿಂದೆಯೇ ಅಡಗಿ ಕೂತಿದ್ದರು. ಸರಳಾಗೆ ಕೆಟ್ಟ ಬೈಗುಳವೊಂದು ಗಂಟಲವರೆಗೆ ಬಂತು. ಬಾಯಿಂದ ಹೊರಟದ್ದು "ಬತ್ತೀನಣ್ಣಾ" ಅನ್ನುವ ಮಾತು. ಅದಕ್ಕಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಊರಿಗೆ ಬಂದು ನಾಗಲಕ್ಷ್ಮಿಯ ಮುಂದೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ನಾಗಲಕ್ಷ್ಮಿ ಮತ್ತೆ ಮತ್ತೆ ಕೇಳಿದಳು.

"ಅವ್ರು ಅಂದ್ರು ಅಂತ ತಾನೆ ನಾನ್ ಹೇಳಿದ್ದು?"

"ಹೂಂ ಕಣಕ್ಕ."

"ನೀನೂ ಅದ್ನೇ ತಾನೆ ಇಂಗ್ಲಿಷ್‌ನಾಗೆ ಹೇಳಿದ್ದು?"

"ಅದ್ನೇ."

"ಮತ್ತೆ ತಪ್ಪು ಎಲ್ಲಾಯ್ತೆ?"

ಸರಳಾಗೆ ಏಕವಚನ, ಬಹುವಚನ, ಸರ್ವನಾಮ, ಮೇಷ್ಟ್ರು ಹೇಳಿದ್ದೆಲ್ಲ ನೆನಪಿಗೆ ಬಂತು, ಒಂದೂ ಆ ಹೆಂಗಸಿನ ಮುಂದೆ ಹೇಳುವ ಹಾಗಿರಲಿಲ್ಲ. ನಾಗಲಕ್ಷ್ಮಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, "ನಿಂಗೆ ಇಂಗ್ಲಿಷ್ ಬತ್ತದೆ ಅಂದ್ಕಂಡಿದ್ದೆ ಕಣೆ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸರಳಾ ಮುಂದಿನ ತಿಂಗಳೇ ಆ ಕಂಪನಿ ಬಿಟ್ಟಳು. ಈಗ ಜವಳಗಿರಿ ರಸ್ತೆಯ ಗುಲಾಬಿ ತೋಟವೊಂದರಲ್ಲಿ ಹೂವು ಕಟ್ ಮಾಡುತ್ತಾಳೆ. ಗುಲಾಬಿಯ ಜೊತೆ ಯಾವ ಭಾಷೆಯೂ ಆಡಬೇಕಾಗಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಊರಿಗೆ ಬಿಳಿ ಕಾರು ಬಂತು. ಮುರಳಿಕೃಷ್ಣ ಅವರ ಮಗಳ ಮದುವೆ, ಮನೆಮನೆಗೆ ಪತ್ರಿಕೆ ಕೊಡುತ್ತಿದ್ದರು. ನಾಗಲಕ್ಷ್ಮಿಯ ಜಗುಲಿಯ ಮೇಲೆ ದೊಡ್ಡಮುನಿಯಮ್ಮ ಬಿಸಿಲು ಕಾಯಿಸುತ್ತ ಕೂತಿದ್ದರು, ಪಕ್ಕದಲ್ಲಿ ಸರಳಾ ನಾಗಲಕ್ಷ್ಮಿಗೆ ಜಡೆ ಹಾಕುತ್ತಿದ್ದಳು. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲಾಗುವುದಿಲ್ಲ, ಅದು ಅವರಿಬ್ಬರ ನಡುವೆ ಮಾತಿಲ್ಲದೆ ಶುರುವಾದ ಪದ್ಧತಿ.

ಕಾರು ನಿಂತ ಸದ್ದಿಗೆ ಅಜ್ಜಿ ಮಂಜುಗಣ್ಣು ಎತ್ತಿದರು. "ಯಾರಮ್ಮಿ ಅದು?"

"ಅವ್ನು ಬಂದವ್ನೆ," ಅಂದಳು ಸರಳಾ.

"ಯಾವನು?"

"ಮುರಳಿಕೃಷ್ಣ. ಅವ್ನೇ, ನಾಗಕ್ಕನ ಕೈ ತಿಂದೋನು."

ಅಜ್ಜಿಗೆ ಈಗ ಕೈ ಎತ್ತುವಷ್ಟು ಶಕ್ತಿಯಿಲ್ಲ, ಆದರೂ ಎತ್ತಿದರು. ಏಟು ಸರಳಾಳ ಮೊಣಕೈಗೆ ತಗುಲಿತು. "ದೊಡ್ಡೋರ್ನ ಅಂಗಂತಾರೇನೇ? ಇಷ್ಟೊರ್ಸ ಆದ್ರೂ ನಾಲ್ಗೆ ಪಳಗ್ಲಿಲ್ವಲ್ಲೇ ನಿಂದು!"

ಅಷ್ಟರಲ್ಲಿ ಅವನು ಜಗುಲಿಗೆ ಬಂದೇಬಿಟ್ಟಿದ್ದ. ಕೇಳಿಸಿತ್ತು. "ಇರ್ಲಿ ಬುಡಜ್ಜಿ, ಚಿಕ್ ಹುಡ್ಗಿ," ಅಂತ ನಕ್ಕು ಕೂತ. ನಾಗಲಕ್ಷ್ಮಿ ಅರ್ಧ ಜಡೆಯಲ್ಲೇ ಎದ್ದು ನಿಂತಿದ್ದಳು. ಬಲಗೈ ಸೆರಗಿನೊಳಗೆ ಹೋಗಿತ್ತು. ಅವಳ ಗಂಡ ಮಾದೇಶನನ್ನು ಅದೇ ಕಂಪನಿಯ ಲೋಡಿಂಗಿಗೆ ಸೇರಿಸಿದವನು ಇವನೇ, ಬೇಡ ಅನ್ನಿಸಿದ ದಿನ ತೆಗೆಸುವವನೂ ಇವನೇ. ಅವಳಾದರೂ ಏನು ಮಾಡಿಯಾಳು?

"ಕೂತ್ಕಳಿ ಭಾವ," ಅಂದಳು. ಆಮೇಲೆ ಸರಳಾಳ ಕಡೆ ತಿರುಗಿ, ಬೇಡಿಕೊಳ್ಳುವ ಹಾಗೆ, "ಒಳ್ಗೋಗೆ ಸರಳಾ, ಅವ್ರಿಗೆ ಒಸಿ ಕಾಫಿ ಕಾಸ್ಕೊಂಬಾ. ನನ್ ಕೈಲಿ ಲೋಟ ನಿಲ್ಲಲ್ಲ."

ಸರಳಾ ಒಳಗೆ ಹೋಗಿ ಒಲೆ ಹಚ್ಚಿದಳು. ಹಾಲು ಇಟ್ಟಳು. ಅಲ್ಲಿಂದಲೇ ಗಟ್ಟಿಯಾಗಿ, ಮೂರು ಮನೆಗೆ ಕೇಳುವಂತೆ ಕೂಗಿದಳು. "ನಾಗಕ್ಕಾ, ಅವ್ರಿಗೆ ಅಂದ್ಯಲ್ಲ, ಎಷ್ಟ್ ಲೋಟ ಕಾಸ್ಲಿ?"

"ಒಂದ್ ಲೋಟ ಕಣೆ," ಅಂದಳು ನಾಗಲಕ್ಷ್ಮಿ ಹೊರಗಿನಿಂದ, ಏನೂ ತಿಳಿಯದೆ. "ಅವ್ರೊಬ್ರೇ ತಾನೆ."

ಕಿಟಕಿಯ ಸರಳಿನ ನಡುವೆ ಸರಳಾ ನೋಡಿದಳು. ಅವನ ಕೈಯಲ್ಲಿ ಪತ್ರಿಕೆ ಹಾಗೇ ಇತ್ತು, ಮುಖ ನೆಲ ನೋಡುತ್ತಿತ್ತು, ಆ ದಿನ ಹೆಲ್ಮೆಟ್ಟಿನ ಪಟ್ಟಿ ನೋಡುತ್ತಿದ್ದ ಹಾಗೆಯೇ. ಆ ಮಾತು ಕೇಳಿಸಿಕೊಳ್ಳಬೇಕಾದ ಅಧಿಕಾರಿ ಇರಲಿಲ್ಲ, ಟೈಪು ಮಾಡುವ ವಾಸುವೂ ಇರಲಿಲ್ಲ. ಅವಳು ಕಾಫಿ ತಂದು ಮುಂದಿಟ್ಟಳು. ಅವನು ಆರುವವರೆಗೆ ಕಾದು ಕುಡಿದು, ಲೋಟವನ್ನು ಜಗುಲಿಯ ಮೇಲಿಟ್ಟು, ಮುಂದಿನ ಮನೆಗೆ ಪತ್ರಿಕೆ ಕೊಡಲು ಎದ್ದು ಹೋದ.